ಸಿದ್ದರಾಯನ ಸಿಳ್ಳೆ

ಕರಿ ಹಲ್ಲುಪುಡಿಯ ಡಬ್ಬಿಗೆ ನೂರಿಪ್ಪತ್ತು ರೂಪಾಯಿ, ಬಿರುಸು ಬ್ರಶ್ಶಿಗೆ ಮೂವತ್ತು, ತೋಟದಲ್ಲಿ ಉದುರಿದ ನಿಂಬೆಹಣ್ಣು ಪುಕ್ಕಟೆ. ಮಗಳು ರಾಜಶ್ರೀಯ ಮದುವೆ ಫೋಟೊದಲ್ಲಿ ಎಲೆ-ಅಡಿಕೆಯ ಕಂದು ಕಾಣದಂತೆ ಹಲ್ಲು ಬಿಟ್ಟು ನಗಲು ಕುರಿಗಾರ ಸಿದ್ದರಾಯ ಮಾಡಿದ ಖರ್ಚು ಇಷ್ಟೇ. ಇಂಡಿ ಸಂತೆಯ ವ್ಯಾಪಾರಿ ಹೇಳಿದ್ದು ಪುಡಿಯಷ್ಟೇ. ಮೊದಲು ನಿಂಬೆಹೋಳಿನಿಂದ ಉಜ್ಜುವ ಉಪಾಯ ಅವನದೇ. ತಾಮ್ರದ ತಂಬಿಗೆ ಹುಳಿಗೆ ಫಳಫಳ ಅನ್ನುವುದಾದರೆ ಹಲ್ಲೇಕೆ ಅನ್ನಬಾರದು?

ಫೋಟೊ ಚೆನ್ನಾಗಿಯೇ ಬಂತು. ಬೀಗರು ಹೊಗಳಿದರು. ಆ ರುಚಿ ಹತ್ತಿದ ಮೇಲೆ, ಮದುವೆ ಮುಗಿದರೂ ಸಿದ್ದರಾಯ ತಿಕ್ಕುವುದನ್ನು ಬಿಡಲಿಲ್ಲ.

ಆದರೆ ಅವನಿಗೆ ಹೆಸರು ಬಂದದ್ದು ಹಲ್ಲಿನಿಂದಲ್ಲ, ಸಿಳ್ಳೆಯಿಂದ. ಬೆರಳು ಹಚ್ಚದೆ, ನಾಲಿಗೆ ಮಡಚಿ, ಮುಂದಿನ ಹಲ್ಲುಗಳ ನಡುವೆ ಉಸಿರು ಬಿಟ್ಟನೆಂದರೆ ಮೂರು ಹೊಲದಾಚೆಯ ಕುರಿಯೂ ತಿರುಗಿ ಬರುತ್ತಿತ್ತು. ಆ ನಂಬಿಕೆಯ ಮೇಲೆಯೇ ಹಲಸಂಗಿಯ ರೈತರು ಗೊಬ್ಬರಕ್ಕೆಂದು ಅವನ ಹಿಂಡನ್ನು ಕರೆದು ಹೊಲದಲ್ಲಿ ತಂಗಿಸುತ್ತಿದ್ದರು. ಅವನ ಕುರಿ ಪಕ್ಕದ ಬೆಳೆಗೆ ಬಾಯಿ ಹಾಕುವುದಿಲ್ಲ ಎಂಬುದು ಊರ ಮಾತು.

ಚಳಿಗಾಲದ ಒಂದು ಮುಂಜಾನೆ, ರಾತ್ರಿ ತಂಗಿದ್ದ ಪಾಂಡುರಂಗರಾಯರ ಹೊಲದಿಂದ ಹಿಂಡು ಪಕ್ಕದ ತೊಗರಿಯ ಕಡೆ ಹೊರಳಿತು. ಸಿದ್ದರಾಯ ಉಸಿರೆಳೆದ. ತಣ್ಣನೆಯ ಗಾಳಿ ತಾಗಿದ್ದೇ ಹಲ್ಲು ಜುಮ್ಮೆಂದು ನೆತ್ತಿಯವರೆಗೆ ಮಿಂಚು ಹರಿಯಿತು. ಸಿಳ್ಳೆಯ ಬದಲು ಬರೀ ಉಸ್ಸೆಂಬ ಗಾಳಿ. ಓಡಿಹೋಗಿ ತಿರುಗಿಸುವಷ್ಟರಲ್ಲಿ ಎರಡು ಸಾಲು ತೊಗರಿ ಕುರಿಗಳ ಹೊಟ್ಟೆ ಸೇರಿತ್ತು.

"ಏನಪಾ ಸಿದ್ದರಾಯ, ಸಿಳ್ಳಿನೂ ಬೀಗರಿಗೆ ಉಡುಗೊರಿ ಕೊಟ್ಟಿಯೇನು?" ಎಂದರು ರಾಯರು. "ಹಿಂಗಾದ್ರ ಮುಂದಿನ ವರ್ಷ ಬ್ಯಾರೆ ಹಿಂಡ ನೋಡಬೇಕಾಕ್ಕೈತಿ."

ಆ ಮಾತು ಹಲ್ಲಿಗಿಂತ ಹೆಚ್ಚು ನೋಯಿಸಿತು. ಮನೆಗೆ ಬಂದವನೇ, "ಈ ಹಲ್ಲ ಕೀಳಿಸಿಬಿಡ್ತೇನಿ," ಎಂದ.

"ಕಿತ್ತ ಮ್ಯಾಲೆ ಯಾವ ಸಂದ್ಯಾಗ ಸಿಳ್ಳಿ ಹೊಡೀತಿ, ನನ್ನ ಕೈಬಳಿ ಸಂದ್ಯಾಗೇನು?" ಎಂದಳು ಹೆಂಡತಿ ರೇಣುಕಾ. "ನಡಿ ಸಿಂದಗಿಗೆ."

ಸಿಂದಗಿಯ ಹಲ್ಲಿನ ಡಾಕ್ಟರ್ ಶಬಾನಾ ಅವನ ಬಾಯಿ ನೋಡಿ, ಯಾವುದರಿಂದ ತಿಕ್ಕುತ್ತೀರಿ ಎಂದು ಕೇಳಿದರು. ಸಿದ್ದರಾಯ ತನ್ನ ನಿಂಬೆಯ ಉಪಾಯವನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ.

"ಮಳಿಗೆ ಮೆತ್ತಗಾದ ಹೊಲದ ಒಡ್ಡಿನ ಮ್ಯಾಲೆ ಕುರಿ ಹಾಯಿಸಿದ್ರ ಏನಾಕ್ಕೈತ್ರಿ?" ಎಂದರು ಡಾಕ್ಟರ್.

"ಕಿತ್ತ ಹೋಗತೈತ್ರಿ."

"ಹಲ್ಲಿನ ಪದರಾನೂ ಹಂಗ. ಹುಳಿ ಅದನ್ನ ಮೆತ್ತಗ ಮಾಡ್ತು, ಪುಡಿ, ಬ್ರಶ್ ಕೂಡಿ ಕೆರದು ಒಯ್ದವು. ಹೋದದ್ದು ತಿರುಗಿ ಬರೂದಿಲ್ಲ, ಉಳದದ್ದು ಕಾಯ್ಕೋರಿ. ಮೆತ್ತನ್ನ ಬ್ರಶ್ ತಗೊಂಡು ಹಗೂರಕ ತಿಕ್ರಿ, ಜುಮ್ ಅನ್ನೂ ಹಲ್ಲಿಗಂತ ಬ್ಯಾರೆ ಪೇಸ್ಟ್ ಬರ್ತೈತಿ. ಹುಳಿ ತಿಂದ ಕೂಡ್ಲೆ ಬ್ರಶ್ ಮುಟ್ಟಬ್ಯಾಡ್ರಿ. ಕೆಲವು ವಾರ ತಾಳ್ರಿ, ಜುಮ್ ಅನ್ನೂದು ಕಡಿಮಿ ಆಗತೈತಿ."

"ಹಗೂರಕ ತಿಕ್ಕಿದ್ರ ಹೊಲಸ ಹೋಗತೈತೇನ್ರಿ?"

"ಕುರಿ ಮೈ ತೊಳ್ಯಾಕ ಚರ್ಮ ಸುಲೀತೀರೇನು?"

ರೇಣುಕಾ ದಾರಿಯುದ್ದಕ್ಕೂ ಅದನ್ನೇ ನೆನೆದು ನಕ್ಕಳು.

ಡಾಕ್ಟರ್ ಹೇಳಿದಂತೆಯೇ ತಿಕ್ಕುತ್ತ ವಾರಗಳು ಕಳೆದವು. ಸಿದ್ದರಾಯ ಕೋಲು ಹಿಡಿದು ಓಡಿ ಓಡಿ ಹಿಂಡು ಕಾಯ್ದ. ಎಲೆ-ಅಡಿಕೆಯ ಕಂದು ಮತ್ತೆ ಹಲ್ಲಿಗೆ ಏರಿತು. ಚಳಿ ಇನ್ನೂ ಹೋಗಿರಲಿಲ್ಲ. ಒಂದು ಬೆಳಿಗ್ಗೆ, ರಾಯರು ನೋಡುತ್ತ ನಿಂತಿದ್ದಾಗಲೇ, ಕುರಿಗಳು ಮತ್ತೆ ತೊಗರಿಯತ್ತ ಹೊರಳಿದವು. ಅಳುಕುತ್ತಲೇ ಅವನು ಉಸಿರೆಳೆದ. ಸಣ್ಣಗೆ ಚುಳುಕ್ ಎಂದಿತು, ಅಷ್ಟೇ. ಸಿಳ್ಳೆ ಹೊಲ ದಾಟಿ ಹೋಯಿತು. ಮೊದಲು ಟಗರು ಕತ್ತೆತ್ತಿತು, ಅದರ ಹಿಂದೆ ಇಡೀ ಹಿಂಡು ತಿರುಗಿತು.

"ಬಂತಲ್ಲಪಾ ಸಿಳ್ಳಿ," ಎಂದರು ರಾಯರು.

"ಬೀಗರು ವಾಪಸ್ ಕೊಟ್ರು ನೋಡ್ರಿ," ಎಂದು ಸಿದ್ದರಾಯ ರುಮಾಲು ಸರಿಮಾಡಿಕೊಂಡು, ಎದೆ ಸೆಟೆಸಿ ನಿಂತ.

"ಮುಂದಿನ ವರ್ಷಾನೂ ನಿನ್ನ ಹಿಂಡೇ ಬರಲಿ."

ಹಲ್ಲಿನ ಮೇಲಿನ ಪದರ ಹೋಯಿತು, ಅದು ಬರುವುದಿಲ್ಲ. ಸಿಳ್ಳೆ ಉಳಿಯಿತು, ಹೆಸರೂ ಉಳಿಯಿತು.