ಕಾಲು ಮುಂದಾಗಿ ಹುಟ್ಟಿದವಳು

ನನ್ನ ಹೆಂಡತಿ ಬಾಳವ್ವ ಹುಟ್ಟುವಾಗ ತಲೆಗಿಂತ ಮೊದಲು ಕಾಲು ಬಂದವಂತೆ. ಅಂಥವರು ತುಳಿದರೆ ಬೆನ್ನುನೋವು ಹೋಗುತ್ತದೆಂಬುದು ನಮ್ಮ ಕಡೆಯ ನಂಬಿಕೆ. ರವಿವಾರ ಮುಂಜಾನೆ ಘೋಡಗೇರಿಯ ನಮ್ಮ ಮನೆಗೆ ಜನ ತೆಂಗಿನಕಾಯಿ ಹಿಡಿದು ಬಂದು ಕಟ್ಟೆಯ ಮೇಲೆ ಬೋರಲು ಮಲಗುತ್ತಿದ್ದರು. ಅವಳು ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು ತುಳಿಯುತ್ತಿದ್ದಳು. ಅದರಲ್ಲಿ ಕೇಡಿದೆಯೆಂದು ರಾತ್ರಿ ಸಾಲೆಯಲ್ಲಿ ನಾಲ್ಕಕ್ಷರ ಕಲಿತ ನನಗೂ ಹೊಳೆಯಲಿಲ್ಲ.

ಮೂವತ್ತೊಂಬತ್ತನೆಯ ಇಸವಿಯಲ್ಲಿ ನನ್ನ ತಾಯಿ ಶಿವವ್ವನಿಗೆ ಬೆನ್ನುನೋವು ಹತ್ತಿತು. ಮಿರಜದ ಡಾಕ್ಟರರು, ಎದೆಯ ಕ್ಯಾನ್ಸರ್ ಬೆನ್ನೆಲುಬಿಗೆ ಇಳಿದಿದೆ, ಕೊಯ್ಯಲು ಬರುವುದಿಲ್ಲ ಎಂದರು. ಹದಿನೈದು ದಿನ ಯಂತ್ರದ ಕಿರಣ ಹಾಯಿಸಿ, ಪ್ಲಾಸ್ಟರಿನ ಕವಚ ತೊಡಿಸಿದರು. ರೋಗ ಹೋಗದು, ಆದರೆ ಎರಡು ಮೂರು ವಾರದಲ್ಲಿ ನೋವು ಇಳಿದೀತು, ಹಲಗೆಯ ಮೇಲೆ ಅಂಗಾತ ಮಲಗಿಸಿರಿ ಎಂದು ಚೀಟಿ ಬರೆದುಕೊಟ್ಟರು.

ಊರಿಗೆ ಬಂದು ನಾಲ್ಕು ದಿನವಾದರೂ ನೋವು ಇಳಿಯಲಿಲ್ಲ. ಕಾಕಾ ಲಗಮಣ್ಣ ರೇಗಿದ.

"ಮನ್ಯಾಗ ಮದ್ದ ಇಟಗೊಂಡು ಮಿರಜಕ್ಕ ಹೋಗಿ ಬಂದ್ರಿ! ಬಿಚ್ಚು ಆ ಸುಣ್ಣದ ಅಂಗಿ. ಬಾಳವ್ವಾ, ತುಳಿ."

ನಾನು ತಲೆ ತಗ್ಗಿಸಿದೆ. ಡಾಕ್ಟರರೇ ತಪ್ಪಿದ್ದರೆ?

"ಆ ಚೀಟಿ ಇನ್ನೊಮ್ಮಿ ಓದ್ರಿ," ಎಂದಳು ಬಾಳವ್ವ.

ಓದಿದೆ. ಬೆನ್ನಿಗೆ ಭಾರ ಬಿದ್ದರೆ ಎಲುಬು ಕುಸಿದು ಕಾಲುಗಳ ಶಕ್ತಿಯೇ ಹೋಗುತ್ತದೆ ಎಂದಿತ್ತು.

"ನಾ ತುಳಿಯಂಗಿಲ್ರಿ, ಕಾಕಾ."

"ಊರ ಮಂದಿನೆಲ್ಲಾ ತುಳದಾಕಿಗೆ ಅತ್ತಿ ಬ್ಯಾಡಾದ್ಲೇನು?"

"ದುರ್ಗಪ್ಪಜ್ಜ ನಮ್ಮ ಕಟ್ಟಿಗೆ ನಡಕೋತ ಬಂದಿದ್ದ. ಹೋಗುವಾಗ ನಾಲ್ಕು ಮಂದಿ ಹೊತಗೊಂಡು ಹೋದ್ರು. ನೀವು ಹಣೆಬರಹ ಅಂದ್ರಿ. ಖರೆ, ಆವತ್ತ ಒಳಗ ಏನೋ ಕಟ್ ಅಂದದ್ದು ನನ್ನ ಹಿಮ್ಮಡಕ್ಕ ಗೊತ್ತೈತ್ರಿ."

ಆಗ ಹಲಗೆಯ ಮೇಲಿಂದ ಅವ್ವನೇ ನರಳಿದಳು. "ಒಂದ ಸಲ ತುಳಿಯವ್ವಾ. ತಡ್ಯಾಕ ಆಗವಲ್ತು."

ಬಾಳವ್ವ ಬಾಜೂ ಕುಳಿತು ಅವಳ ಕೈ ಹಿಡಿದಳು. "ಬೈರಿ ಅತ್ತಿ, ಹೊಡೀರಿ. ತುಳಿ ಅಂತ ಮಾತ್ರ ಅನಬ್ಯಾಡ್ರಿ." ಅವಳ ಕಣ್ಣೀರು ಆ ಪ್ಲಾಸ್ಟರಿನ ಮೇಲೆ ಬಿತ್ತು.

ಮೂರನೆಯ ವಾರ ನೋವು ಇಳಿಯಿತು. ಅವ್ವ ಎಂಟು ತಿಂಗಳು ಬದುಕಿದಳು. ಸಾಯುವ ಹತ್ತು ದಿನ ಮೊದಲಿನವರೆಗೂ ಸೊಸೆಯ ಹೆಗಲು ಹಿಡಿದು ತನ್ನ ಕಾಲಿಂದಲೇ ಹಿತ್ತಲಿಗೆ ಹೋಗಿ ಬಂದಳು. ತುಳಿದಿದ್ದರೆ ಉಳಿಯುತ್ತಿದ್ದಳೆಂದು ಕಾಕಾ ಇಂದಿಗೂ ಅನ್ನುತ್ತಾನೆ. ಚೀಟಿ ಓದಬಲ್ಲ ನಾನು ಆ ದಿನ ಸುಮ್ಮನಿದ್ದೆನಲ್ಲ ಎಂಬ ನಾಚಿಕೆ ನನ್ನನ್ನು ಬಿಟ್ಟಿಲ್ಲ.

ರವಿವಾರ ಈಗಲೂ ಜನ ಬರುತ್ತಾರೆ. ಬಾಳವ್ವ ಅವರನ್ನು ಎಬ್ಬಿಸಿ ಕೂರಿಸಿ, ನೀರು ಕೊಟ್ಟು, ಕಾಯಿಯನ್ನು ತಿರುಗಿ ಅವರ ಕೈಯಲ್ಲೇ ಇಡುತ್ತಾಳೆ.

"ಹಾದ್ಯಾಗ ತಿನ್ನಾಕ ಆಗತೈತಿ, ಇಟಗೋರಿ. ಮಿರಜದ ಗಾಡಿ ಗೋಕಾಕ ರೋಡ ಟೇಶನ್ನಿನಾಗ ಸಿಗತೈತಿ."