ದಾರಿ ಬಿಡುವ ಕುಣಿತ

ಕಣ್ಣು ಮುಚ್ಚಿಕೊಂಡು ಕುಣಿಯಿರಿ ಎಂದು ಟೀಚರ್ ಹೇಳಿದಾಗ ಅಕ್ಕ ಮೊದಲು ಮಾಡಿದ ಕೆಲಸವೆಂದರೆ ಕಣ್ಣು ಅಗಲಿಸಿ ಬಾಗಿಲು ಎಲ್ಲಿದೆ ಎಂದು ನೋಡಿಕೊಂಡದ್ದು. ಬಾಗಿಲು ದೂರವಿತ್ತು. ನಡುವೆ ದಪ್ಪನೆಯ ಬ್ಯಾಂಕ್ ಮ್ಯಾನೇಜರೊಬ್ಬರು ನೆಲದ ಮೇಲೆ ಉರುಳಾಡುತ್ತಿದ್ದರು. ಅವರನ್ನು ದಾಟಿ ಹೋಗುವುದಕ್ಕಿಂತ ಕುಣಿಯುವುದೇ ವಾಸಿ ಎನಿಸಿ ಅವಳು ಅಲ್ಲೇ ನಿಂತಳು.

ಅದು ಕುರ್ಚಿ ಮೇಜು ಮಾರುವ ಅಂಗಡಿಯ ಮೇಲಿನ ಮಹಡಿ. ವಾರದ ಉಳಿದ ದಿನ ಅಲ್ಲಿ ಮಕ್ಕಳು ಕರಾಟೆ ಕಲಿಯುತ್ತಾರೆ. ಶನಿವಾರ ಸಂಜೆ ಮಾತ್ರ ಗೋಡೆಯ ಕನ್ನಡಿಗಳಿಗೆ ಹಳೆಯ ಬೆಡ್‌ಶೀಟು ಹೊದಿಸಿ, ಬಾಗಿಲಿಗೆ 'ಅರಿವಿನ ಚಲನೆ, ಸ್ವಚ್ಛಂದ ನೃತ್ಯ' ಎಂಬ ಬೋರ್ಡು ತಗುಲಿಹಾಕುತ್ತಾರೆ. ಚಪ್ಪಲಿ ಹೊರಗೆ, ಫೋನು ಹೊರಗೆ, ಮಾತೂ ಹೊರಗೆ. ಒಳಗೆ ಬಂದ ಮೇಲೆ ಯಾರೂ ಯಾರ ಹೆಸರನ್ನೂ ಕೇಳುವಂತಿಲ್ಲ, ಒಬ್ಬರನ್ನೊಬ್ಬರು ನೋಡುವಂತೆಯೂ ಇಲ್ಲ. ಹಾಡು ಬಂದಂತೆ ಮೈ ಬಿಡಬೇಕು, ಅಷ್ಟೆ.

"ಇಲ್ಲಿ ತಪ್ಪು ಅನ್ನೋದೇ ಇಲ್ಲ. ಮೈಗೆ ಹೇಗೆ ಬೇಕೋ ಹಾಗೆ" ಎಂದರು ಟೀಚರ್. ಗಿಡ್ಡ ಕೂದಲಿನ, ಬಡಕಲು ಮೈಯ ಹೆಂಗಸು.

ತಪ್ಪೇ ಇಲ್ಲವಂತೆ. ಅಕ್ಕ ಮನಸ್ಸಿನಲ್ಲೇ ಮೂಗು ಮುರಿದಳು. ಹಲ್ಲುಸೆಟ್ಟು ಮಾಡುವ ಲ್ಯಾಬಿನಲ್ಲಿ ಅವಳಿಗೆ ಅರ್ಧ ಆಯುಸ್ಸು ಕಳೆದಿದೆ. ಅಲ್ಲಿ ಒಂದು ಕೂದಲೆಳೆಯಷ್ಟು ತಪ್ಪಿದರೆ ಯಾರದೋ ವಸಡು ಹುಣ್ಣಾಗಿ, ಅವರು ಡಾಕ್ಟರಿಗೆ ಬೈದು, ಡಾಕ್ಟರು ಅವಳಿಗೆ ಬೈಯುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಅವಳ ಮುಂದೆ ಪ್ಲಾಸ್ಟರಿನ ಬಾಯಿಗಳು ಸಾಲಾಗಿ ಕೂತಿರುತ್ತವೆ. ಆ ಬಾಯಿಗಳ ಮುಖ ಯಾವತ್ತೂ ಅವಳ ಕಣ್ಣಿಗೆ ಬಿದ್ದಿಲ್ಲ, ಮಾತೂ ಕಿವಿಗೆ ಬಿದ್ದಿಲ್ಲ. ಊರಿನಲ್ಲಿ ಯಾರು ಹಲ್ಲು ಕಿರಿದು ನಕ್ಕರೂ ಅದು ತನ್ನದೇ ಕೆಲಸವಿರಬಹುದೇ ಎಂದು ಇಣುಕುವ ಚಾಳಿ ಅವಳಿಗೆ ಹತ್ತಿಕೊಂಡಿತ್ತು. ಇಷ್ಟಾದರೂ ಅವಳ ಜೊತೆ ನಗುವವರು ಈಗ ಯಾರೂ ಇರಲಿಲ್ಲ.

ಈಗ ಎಂದರೆ, ಪುಟ್ಟಿ ಹೋದ ಮೇಲೆ.

ಪುಟ್ಟಿ ಅವಳ ತಂಗಿ. ಹೆಸರಿಗೆ ಪುಟ್ಟಿ, ವಯಸ್ಸು ನಲವತ್ತು ದಾಟಿತ್ತು. ಇಬ್ಬರಿಗೂ ಮದುವೆಯಾಗಿರಲಿಲ್ಲ, ಆಗಲಿಲ್ಲವಲ್ಲ ಎಂದು ಇಬ್ಬರೂ ತಲೆ ಕೆಡಿಸಿಕೊಂಡಿರಲೂ ಇಲ್ಲ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಎರಡು ಕೋಣೆಯ ಆ ಮನೆಯಲ್ಲಿ ಅವರದೇ ದರ್ಬಾರು. ಹೀಗಿರುವಾಗ ರಸ್ತೆ ಅಗಲ ಮಾಡಬೇಕೆಂದು ಸರ್ಕಾರಕ್ಕೆ ಹೊಳೆದು, ಅಳತೆಗೆ ಒಬ್ಬ ಸರ್ವೇಯರು ಬಂದ. ಎತ್ತರದ ಆಳು, ಹೆಂಡತಿ ಇಲ್ಲದವನು. ಬಿಸಿಲಿಗೆ ಬಾಯಾರಿ ನೀರು ಕೇಳಿದ. ನೀರು ಕೊಟ್ಟವಳು ಪುಟ್ಟಿ. ಆಮೇಲೆ ಆ ಗೇಟಿನಿಂದ ಈ ಕಂಬದವರೆಗಿನ ಜಾಗವನ್ನು ಅವನು ಎಷ್ಟು ಸಲ ಅಳೆದನೆಂದರೆ ಅಕ್ಕನಿಗೂ ಅನುಮಾನ ಬಂತು. ಕೊನೆಗೆ ರಸ್ತೆ ಒಂದಿಂಚೂ ಅಗಲವಾಗಲಿಲ್ಲ. ಮನೆ ಮಾತ್ರ ಅಗಲವಾಯಿತು.

ಅಕ್ಕ ನಗುನಗುತ್ತಲೇ ಅವರಿಬ್ಬರ ಮದುವೆಗೆ ಸಾಕ್ಷಿ ಸಹಿ ಹಾಕಿ ಬಂದಳು. ಮನೆಗೆ ಬಂದು ಬೀಗ ತೆಗೆದಾಗ ಒಳಗಿನಿಂದ ಯಾರೂ "ಬಂದ್ಯಾ?" ಅನ್ನಲಿಲ್ಲ. ಇದು ಗೊತ್ತಿದ್ದದ್ದೇ. ಗೊತ್ತಿದ್ದರೂ ಹೊಸ್ತಿಲಲ್ಲಿ ಚಪ್ಪಲಿ ಬಿಚ್ಚುತ್ತಾ ಅವಳು ಸ್ವಲ್ಪ ಹೊತ್ತು ಕಾದಳು.

ಕ್ಲಾಸಿಗೆ ಸೇರಿಸಿದ್ದೂ ಪುಟ್ಟಿಯೇ. ಫೋನಿನಲ್ಲಿ ಹೇಳಿದ್ದಳು, "ಆ ಹಲ್ಲುಗಳ ಜೊತೆ ಕೂತು ಕೂತು ನೀನೂ ಪ್ಲಾಸ್ಟರ್ ಆಗಿ ಹೋಗ್ತೀಯ ಅಕ್ಕ. ಹೆಸರು ಬರೆಸಿ ಆಯ್ತು. ಶನಿವಾರ ಹೋಗು."

"ಕುಣಿಯೋಕೆ ನಂಗೇನು ಹುಚ್ಚಾ?"

"ಅಲ್ಲಿಗೆ ಬರೋರೆಲ್ಲ ಅರ್ಧ ಹುಚ್ಚರೇ ಅಂತೆ. ನೀನೊಬ್ಬಳು ಹೆಚ್ಚಾದ್ರೆ ಯಾರಿಗೂ ಗೊತ್ತಾಗಲ್ಲ."

ಹಾಗೆ ಹೋಗಿ ನಿಂತವಳು ಒಂದೆರಡು ವಾರ ಕಂಬದಂತೆಯೇ ನಿಂತಿದ್ದಳು. ಸುತ್ತ ಜನ ಗಾಳಿಗೆ ಸಿಕ್ಕ ಬಟ್ಟೆಯಂತೆ ಹಾರಾಡುತ್ತಿದ್ದರು. ಆಮೇಲೆ, ಸುಮ್ಮನೆ ನಿಂತು ಕಾಲು ನೋವು ಬಂದದ್ದಕ್ಕೋ ಏನೋ, ಅವಳ ಮೈ ತನ್ನಷ್ಟಕ್ಕೆ ಅಲುಗಾಡತೊಡಗಿತು. ಅಂಥ ಕುಣಿತವೇನಲ್ಲ. ಹೊಟ್ಟೆ ಒಳಗೆಳೆದುಕೊಳ್ಳುವುದು, ಎಡ ಮೊಣಕೈ ಮೇಲೆತ್ತುವುದು, ಸೊಂಟ ತುಸು ಬಲಕ್ಕೆ ಜರುಗಿಸುವುದು, ಅರ್ಧ ಹೆಜ್ಜೆ ಹಿಂದಕ್ಕೆ. ಮತ್ತೆ ಅದೇ.

ಕ್ಲಾಸು ಮುಗಿದು ಮೆಟ್ಟಿಲ ಬಳಿ ಚಪ್ಪಲಿ ಹುಡುಕುತ್ತಿದ್ದಾಗ ಟೀಚರ್ ಹತ್ತಿರ ಬಂದರು.

"ಕುಣಿಯುವಾಗ ನೀವು ಯಾರಿಗೋ ದಾರಿ ಬಿಡ್ತಾ ಇರ್ತೀರಲ್ಲ, ಯಾರಿಗೆ?"

"ಯಾರಿಗೂ ಇಲ್ಲ. ಆ ಮ್ಯಾನೇಜರು ಉರುಳ್ಕೊಂಡು ಬಂದ್ಬಿಟ್ರೆ ಅಂತ ಹೆದರಿಕೆ, ಅಷ್ಟೆ."

ಟೀಚರ್ ನಕ್ಕರು. ಅಕ್ಕ ಮನೆಗೆ ಬಂದು ಚಹಾಕ್ಕೆ ನೀರಿಟ್ಟಳು. ನೀರು ಕುದಿಯಿತು, ಅವಳು ಡಬ್ಬಿಗೆ ಕೈ ಚಾಚಿದಳು. ಆಗ ಅವಳ ಎಡ ಮೊಣಕೈ ತಾನಾಗಿ ಮೇಲೆದ್ದಿತು. ಹೊಟ್ಟೆ ಕಟ್ಟೆಗೆ ಒತ್ತಿಕೊಂಡಿತು.

ಅವರ ಅಡುಗೆಮನೆ ಒಂದು ಓಣಿ. ಕಿಟಕಿಯ ಕಡೆ ಒಲೆ, ಆ ತುದಿಗೆ ಸಿಂಕು. ಒಬ್ಬರು ನಿಂತರೆ ಇನ್ನೊಬ್ಬರು ದಾಟಲಾಗದು. ಆದರೂ ಅಷ್ಟು ವರ್ಷ ಇಬ್ಬರೂ ಒಟ್ಟಿಗೇ ಅದರೊಳಗೆ ಕೆಲಸ ಮಾಡಿದ್ದರು. ಅಕ್ಕ ಒಲೆಯ ಮುಂದೆ, ಪುಟ್ಟಿ ಸಿಂಕಿನ ಮುಂದೆ. ಪುಟ್ಟಿ ತೊಳೆದದ್ದನ್ನು ತಂದರೆ ಅಕ್ಕ ತಿರುಗಿ ನೋಡದೆ ಮೊಣಕೈ ಎತ್ತುತ್ತಿದ್ದಳು. ಪುಟ್ಟಿ ಅದರಡಿ ನುಸುಳುತ್ತಿದ್ದಳು. ಅಕ್ಕ ಮೇಲಿನ ಡಬ್ಬಿಗೆ ಕೈ ಹಾಕಿದರೆ ಪುಟ್ಟಿ ಮಾತು ನಿಲ್ಲಿಸದೆ ತಲೆ ತಗ್ಗಿಸುತ್ತಿದ್ದಳು. ಬಿಸಿ ಪಾತ್ರೆ ಹಿಡಿದು ತಿರುಗಿದರೆ ಇವಳು ಅರ್ಧ ಹೆಜ್ಜೆ, ಅವಳು ಅರ್ಧ ಹೆಜ್ಜೆ. ಒಂದು ದಿನವೂ ತಾಗಿಸಿಕೊಂಡವರಲ್ಲ. ಇದನ್ನು ಯಾರೂ ಯಾರಿಗೂ ಕಲಿಸಿರಲಿಲ್ಲ.

ಅಕ್ಕ ಒಲೆ ಆರಿಸಿ ನೆಲದ ಮೇಲೆ ಕೂತಳು. ಅಳು ಬಂತು, ಅತ್ತಳು. ನೋಡುವವರಿಲ್ಲದ ಮನೆಯಲ್ಲಿ ಅಳುವುದಕ್ಕೂ ಉತ್ಸಾಹ ಇರುವುದಿಲ್ಲ, ಬೇಗ ಮುಗಿಯಿತು.

ಅಂದಿನಿಂದ ಅವಳು ಒಂದು ಶನಿವಾರವನ್ನೂ ತಪ್ಪಿಸಲಿಲ್ಲ. ಲ್ಯಾಬಿನವರಿಗೆ ಆಶ್ಚರ್ಯ, ಅಕ್ಕನಿಗೆ ಕುಣಿತದ ಹುಚ್ಚು ಹಿಡಿಯಿತು ಎಂದು ಆಡಿಕೊಂಡರು. ಹಿಡಿದದ್ದು ಬೇರೆ ಹುಚ್ಚು. ಹಾಡು ಶುರುವಾಗಿ ಕಣ್ಣು ಮುಚ್ಚಿದರೆ ಸಾಕು, ಎಡಗಡೆಯಿಂದ ಪುಟ್ಟಿ ಬರುತ್ತಿದ್ದಳು. ಇವಳು ಮೊಣಕೈ ಎತ್ತುತ್ತಿದ್ದಳು, ಅವಳು ನುಸುಳುತ್ತಿದ್ದಳು. ವಾರವಿಡೀ ಖಾಲಿ ಇರುವ ಆ ಜಾಗ ಅಷ್ಟು ಹೊತ್ತು ತುಂಬಿರುತ್ತಿತ್ತು. ನಾಚಿಕೆಗೇಡು ಎಂದು ಅವಳಿಗೇ ಅನಿಸುತ್ತಿತ್ತು. ಆದರೂ ಪುಟ್ಟಿಯ ಮೈಯಲ್ಲೂ ತನ್ನ ಜಾಗ ಹೀಗೇ ಉಳಿದಿದ್ದೀತು, ಅವಳೂ ಅಲ್ಲೆಲ್ಲೋ ಖಾಲಿ ಗಾಳಿಗೆ ತಲೆ ತಗ್ಗಿಸುತ್ತಿದ್ದಾಳು ಎಂಬ ನಂಬಿಕೆ ಅವಳನ್ನು ಕೈಹಿಡಿದು ನಡೆಸುತ್ತಿತ್ತು.

ಅಷ್ಟರಲ್ಲಿ ಸರ್ವೇಯರಿಗೆ ವರ್ಗವಾಯಿತು. ರೈಲಿನಲ್ಲಿ ಒಂದು ಹಗಲು, ಒಂದು ರಾತ್ರಿ ಕಳೆದರೆ ಸಿಗುವ ಊರು. ಪುಟ್ಟಿಗೆ ಇಲ್ಲಿ ಗ್ರಂಥಾಲಯದ ಕೆಲಸ, ಸಂಸಾರವೂ ಇದೇ ಊರಿನ ಆ ಕೊನೆಯ ಬಾಡಿಗೆ ಮನೆಯಲ್ಲಿ.

"ಅವರು ಬಾ ಅಂತಾರೆ. ಬರದೇ ಇದ್ರೂ ಸರಿ, ರಜಕ್ಕೆ ನಾನೇ ಬಂದು ಹೋಗ್ತೀನಿ ಅಂತಾರೆ" ಎಂದಳು ಪುಟ್ಟಿ ಫೋನಿನಲ್ಲಿ. "ನಂಗೆ ದಿಕ್ಕೇ ತೋಚ್ತಿಲ್ಲ ಅಕ್ಕ. ನೀನು ಇರು ಅಂದ್ರೆ ಇರ್ತೀನಿ. ಒಬ್ಬಳಿಗೆ ಆ ಮನೆ ಯಾಕೆ? ನಮ್ಮನೆಗೇ ಬಂದ್ಬಿಡ್ತೀನಿ."

ನಮ್ಮನೆ ಎಂದಳು. ಇರು ಎಂಬ ಮಾತು ಅಕ್ಕನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕೇಳಿದ ಕೂಡಲೇ ಹೇಳಿಬಿಟ್ಟರೆ ಇದಕ್ಕೇ ಕಾದು ಕೂತಿದ್ದಳು ಎನಿಸುವುದಿಲ್ಲವೇ? ಕಾದು ಕೂತದ್ದೇನೋ ನಿಜ.

"ಫೋನಲ್ಲಿ ಬೇಡ. ಶನಿವಾರ ಬಾ, ಕೂತು ಮಾತಾಡೋಣ" ಎಂದಳು.

ಆ ವಾರ ಅವಳು ಮಾಡಿದ ಹಲ್ಲುಸೆಟ್ಟುಗಳು ಯಾರ ಬಾಯಿಗೆ ಹೇಗೆ ಕೂತವೋ. ಮನೆಗೆ ಬಂದವಳೇ ಪುಟ್ಟಿಯ ಕಪಾಟು ಒರೆಸಿದಳು, ಮಂಚದ ಹಾಸಿಗೆಯನ್ನು ಬಿಸಿಲಿಗೆ ಹಾಕಿದಳು. ನೀನು ಇದ್ದರೆ ನನಗೂ ಒಂದು ಆಸರೆ ಎನ್ನುವುದೋ, ಅಷ್ಟು ದೂರ ಹೋಗಿ ನೀನೇನು ಮಾಡುತ್ತೀಯ ಎನ್ನುವುದೋ ಎಂದು ಮಾತು ಹೊಂದಿಸಿಕೊಂಡಳು. ಎರಡನೆಯದೇ ಚೆನ್ನ ಎನಿಸಿತು. ಅದರಲ್ಲಿ ತನ್ನ ಸ್ವಾರ್ಥ ಕಾಣುವುದಿಲ್ಲ.

ಶನಿವಾರ ಮಧ್ಯಾಹ್ನ ಪುಟ್ಟಿ ಬಂದಳು. ಬಾಗಿಲಲ್ಲೇ ಶುರುವಾದ ಮಾತು ಅಡುಗೆಮನೆಯವರೆಗೂ ನಿಲ್ಲಲಿಲ್ಲ. ಅವಳು ಸಿಂಕಿನ ಮುಂದೆ ನಿಂತಳು. ಅಕ್ಕನಿಗೆ ಎಷ್ಟು ಹಿತವಾಯಿತೆಂದರೆ, ಕಾದ ಹಾಲಿನ ಪಾತ್ರೆ ಹಿಡಿದು ಎಂದಿನಂತೆ ನೋಡದೆಯೇ ತಿರುಗಿದಳು.

ಪುಟ್ಟಿ ಅರ್ಧ ಹೆಜ್ಜೆ ಸರಿಯಲಿಲ್ಲ. ಪಾತ್ರೆ ಅವಳ ಭುಜಕ್ಕೆ ತಾಗಿ ಹಾಲು ಇಬ್ಬರ ಕಾಲ ಮೇಲೂ ಚೆಲ್ಲಿತು.

"ಸಾರಿ ಅಕ್ಕ, ಸಾರಿ" ಎಂದಳು ಪುಟ್ಟಿ.

ಸುಟ್ಟದ್ದೇನೂ ದೊಡ್ಡದಲ್ಲ. ಆ ಅಡುಗೆಮನೆಯಲ್ಲಿ ಅವರು ಕೋಪ ಮಾಡಿಕೊಂಡಿದ್ದರು, ಜಗಳವಾಡಿದ್ದರು, ವಾರಗಟ್ಟಲೆ ಮುಖ ಗಂಟು ಹಾಕಿಕೊಂಡಿದ್ದರು. ಸಾರಿ ಎಂಬ ಮಾತು ಮಾತ್ರ ಎಂದೂ ಬಂದಿರಲಿಲ್ಲ.

"ನಿಂದೇನಿಲ್ಲ. ನೆಲ ಜಾರತ್ತೆ" ಎಂದು ಅಕ್ಕ ಬಟ್ಟೆ ತಂದು ಒರೆಸಿದಳು. ಅಭ್ಯಾಸ ತಪ್ಪಿದೆ, ಅಷ್ಟೆ ಎಂದು ತನಗೆ ತಾನೇ ಹೇಳಿಕೊಂಡಳು. ನಾಲ್ಕು ದಿನ ಇದ್ದರೆ ಸರಿಹೋಗುತ್ತದೆ.

ಸಂಜೆ ಪುಟ್ಟಿಯೂ ಕ್ಲಾಸಿಗೆ ಹೊರಟಳು. ಬ್ಯಾಂಕ್ ಮ್ಯಾನೇಜರು ಉರುಳುವುದನ್ನು ಕಣ್ಣಾರೆ ನೋಡಬೇಕಿತ್ತಂತೆ. ಒಳಗೆ ಹೋಗಿ ಮೊದಲು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ದೀಪ ಸಣ್ಣದಾಗಿ, ಹಾಡು ನಿಧಾನವಾಗಿ, ಎಲ್ಲರಂತೆ ಅವಳೂ ಕಣ್ಣು ಮುಚ್ಚಿದಳು.

ಅಕ್ಕ ಮುಚ್ಚಲಿಲ್ಲ. ಬೇರೆಯವರನ್ನು ನೋಡಬಾರದೆಂಬ ನಿಯಮ ಗೊತ್ತಿದ್ದೂ ನೋಡಿದಳು. ತನ್ನ ಮೈ ಮರೆಯದೆ ಇಟ್ಟುಕೊಂಡದ್ದನ್ನು ಅವಳ ಮೈ ಇಟ್ಟುಕೊಂಡಿದೆಯೋ ಇಲ್ಲವೋ ಇಲ್ಲಿ ಗೊತ್ತಾಗಿಹೋಗುತ್ತದೆ. ಅವಳೊಮ್ಮೆ ತಲೆ ತಗ್ಗಿಸಲಿ ಎಂದು ಅಕ್ಕ ಕಾದಳು.

ಪುಟ್ಟಿ ಮೊದಲು ಅತ್ತಿತ್ತ ತೂಗಿದಳು. ಬಳಿಕ ಅವಳ ಗದ್ದ ಮೇಲೆದ್ದಿತು. ತನಗಿಂತ ಬಹಳ ಎತ್ತರದವರ ಮುಖ ನೋಡುವಾಗ ಏಳುವಷ್ಟು. ಬಲಗೈ ಮೇಲೆ ಹೋಗಿ, ಮೇಲಿನಿಂದ ಯಾರೋ ಇಳಿಸಿಕೊಟ್ಟ ಏನನ್ನೋ ತೆಗೆದುಕೊಂಡು ಬಂತು. ಮತ್ತೆ ಹೋಯಿತು, ಮತ್ತೆ ತಂತು. ಒಂದು ಸಲ ಅವಳು ತನ್ನ ಹೆಜ್ಜೆಯನ್ನು ತಾನೇ ತಡೆದು ನಿಂತು, ಯಾರದೋ ಕಾಲು ತುಳಿದವಳಂತೆ ಮುಗುಳ್ನಕ್ಕಳು. ಆಮೇಲೆ ಸರಿಯಲಿಲ್ಲ, ನುಸುಳಲಿಲ್ಲ. ಹಾಗೇ ಮುಂದಕ್ಕೆ ಬಾಗಿ, ಗಾಳಿಯಲ್ಲಿ ಒಂದು ಎದೆ ಇದೆಯೆಂಬಂತೆ ಹಣೆಯನ್ನು ಅದಕ್ಕೆ ಒರಗಿಸಿ ನಿಂತಳು.

ತಲೆ ತಗ್ಗಿಸಲಿಲ್ಲ. ಹಾಡು ಮುಗಿಯುವವರೆಗೂ ಒಂದು ಸಲವೂ ತಗ್ಗಿಸಲಿಲ್ಲ.

ಅಕ್ಕ ಆ ಉದ್ದನೆಯ ಸರ್ವೇಯರನ್ನು ಮನಸಾರೆ ಶಪಿಸಿದಳು. ಆಮೇಲೆ ಪುಟ್ಟಿಯ ಮುಖ ಕಣ್ಣಿಗೆ ಬಿತ್ತು. ಅಷ್ಟು ವರ್ಷ ಒಟ್ಟಿಗಿದ್ದರೂ ಆ ಮುಖ ಹೀಗೆ ಅರಳಿದ್ದನ್ನು ಅವಳು ನೋಡಿರಲಿಲ್ಲ.

ಕ್ಲಾಸು ಮುಗಿದು ಇಬ್ಬರೂ ಬೀದಿಗೆ ಇಳಿದರು. ಅಂಗಡಿಯವನು ಹೊರಗಿಟ್ಟ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಒಳಗೆ ಒಯ್ಯುತ್ತಿದ್ದ. ಸ್ವಲ್ಪ ದೂರ ನಡೆದ ಮೇಲೆ ಪುಟ್ಟಿ ಕೇಳಿದಳು.

"ಈಗಾದ್ರೂ ಹೇಳು ಅಕ್ಕ. ನಾನು ಹೋಗ್ಲಾ, ಇರ್ಲಾ?"

ಹೊಂದಿಸಿಟ್ಟುಕೊಂಡ ಮಾತು ಅಕ್ಕನ ಬಾಯಲ್ಲೇ ಇತ್ತು. ಒಂದೇ ಒಂದು ಸಲ ಅಂದರೆ ಸಾಕಿತ್ತು. ಪುಟ್ಟಿ ಕೊಟ್ಟ ಮಾತಿಗೆ ತಪ್ಪುವವಳಲ್ಲ. ಇದ್ದುಬಿಡುತ್ತಿದ್ದಳು. ಆ ಓಣಿಯಂಥ ಅಡುಗೆಮನೆಯಲ್ಲಿ ನಿಂತು, ಮಾತುಮಾತಿಗೆ ಗದ್ದ ಮೇಲೆತ್ತಿ, ಅಲ್ಲಿಲ್ಲದವರ ಮುಖ ನೋಡುತ್ತಾ.

"ಹೋಗು" ಎಂದಳು ಅಕ್ಕ.

"ಮತ್ತೆ ನೀನು?"

"ನಂಗೇನಾಗಿದೆ ಧಾಡಿ? ಕ್ಲಾಸಿದೆ, ಲ್ಯಾಬಿದೆ. ಊರಿನವರ ಹಲ್ಲೆಲ್ಲ ಇನ್ನೂ ಉದುರೋದು ಬಾಕಿ ಇದೆ."

ಪುಟ್ಟಿ ನಕ್ಕಳು. ನಗುತ್ತಲೇ ಅಕ್ಕನ ಕೈ ಹಿಡಿದುಕೊಂಡಳು. ಆ ಹಿಡಿತ ಸಡಿಲವಾದದ್ದು ಅಕ್ಕನಿಗೆ ತಿಳಿಯಿತು, ಭಾರ ಇಳಿಸಿದವರ ಕೈಯಂತೆ. ಪುಟ್ಟಿ ಅಷ್ಟು ಬೇಗ ಒಪ್ಪಿಕೊಳ್ಳಬಾರದಿತ್ತು ಎಂದು ಅವಳಿಗೆ ಅನಿಸಿತು. ಒಂದು ಸಲವಾದರೂ, ಇಲ್ಲ ಅಕ್ಕ ಇರ್ತೀನಿ ಅನ್ನಬಹುದಿತ್ತು.

ಅವರು ಊರು ಬಿಟ್ಟ ಮೇಲೆ ಬಂದ ಶನಿವಾರ ಅಕ್ಕ ಎಂದಿನ ಹೊತ್ತಿಗೆ ಮಹಡಿ ಹತ್ತಿದಳು. ಕನ್ನಡಿಗಳಿಗೆ ಬೆಡ್‌ಶೀಟು ಹೊದಿಸಿ ಆಗಿತ್ತು. ಮ್ಯಾನೇಜರು ಆಗಲೇ ನೆಲ ಹಿಡಿದಿದ್ದರು. ಹಾಡು ಶುರುವಾಯಿತು. ಅವಳು ಕಣ್ಣು ಮುಚ್ಚಿದಳು.

ಎಡಗಡೆಯಿಂದ ಪುಟ್ಟಿ ಬಂದಳು. ಮೊಣಕೈ ಮೇಲೇಳಲು ಹವಣಿಸಿತು. ಅಕ್ಕ ಅದನ್ನು ಏಳಗೊಡಲಿಲ್ಲ. ಹೊಟ್ಟೆ ಒಳಗೆಳೆದುಕೊಳ್ಳಲಿಲ್ಲ, ಹಿಂದಕ್ಕೂ ಸರಿಯಲಿಲ್ಲ. ದಾರಿಗೆ ಅಡ್ಡವಾಗಿ ಕಾಲೂರಿ ನಿಂತಳು. ಬರಲಿ, ಬಂದು ಡಿಕ್ಕಿ ಹೊಡೆಯಲಿ, ಬೇಕಾದರೆ ಸಾರಿ ಎನ್ನಲಿ ಎಂದು ನಿಂತಳು. ಆ ಹಾಡು ಮುಗಿದು ಇನ್ನೊಂದು ಶುರುವಾಯಿತು. ಯಾರೂ ಬಂದು ತಾಗಲಿಲ್ಲ.