ಕರಡಿ ಹೊಳೆ ದಾಟುವ ಪುಟ

ನಾನೊಂದು ತಳ್ಳುಗಾಡಿ. ತರಕಾರಿ ಮಾರುವ ಗಾಡಿಯಲ್ಲ, ಪುಸ್ತಕ ಹೊರುವ ಗಾಡಿ. ಎರಡು ಅಂತಸ್ತು, ನಾಲ್ಕು ಗಾಲಿ, ತಳ್ಳಲು ಒಂದು ಸರಳು. ನನ್ನ ಆಸ್ತಿ ಇಷ್ಟೇ. ಹುಟ್ಟಿದ್ದು ಹುಬ್ಬಳ್ಳಿಯ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ, ಮೌಲಾಸಾಬರ ಕೈಯಲ್ಲಿ. ಮೂರು ಗಾಲಿ ಒಂದೇ ಬಗೆಯವು ಸಿಕ್ಕವು. ನಾಲ್ಕನೆಯದು ಸಿಗದೆ, ಯಾವುದೋ ಮುರಿದ ಕುರ್ಚಿಯದನ್ನು ತಂದು ಕೂಡಿಸಿ ಕೈತೊಳೆದುಕೊಂಡರು. ಅದು ಅಂದಿನಿಂದಲೂ ಕಿರುಗುಟ್ಟುತ್ತದೆ, ನನ್ನನ್ನು ಎಡಕ್ಕೆ ಎಳೆಯುತ್ತದೆ.

ಮೊದಲು ನನ್ನನ್ನು ಕೊಂಡದ್ದು ಒಂದು ನರ್ಸಿಂಗ್ ಹೋಮ್. ಅಲ್ಲಿ ಗಂಜಿ, ಹಾಲು, ಬ್ರೆಡ್ಡು ಹೊರುತ್ತಿದ್ದೆ. ನನ್ನ ಕಿರುಗುಟ್ಟುವಿಕೆ ಕೇಳಿದರೆ ಸಾಕು, ರೋಗಿಗಳು ಊಟ ಬಂತೆಂದು ಎದ್ದು ಕೂರುತ್ತಿದ್ದರು. ಅಂಥ ಮರ್ಯಾದೆ ನನಗೆ ಮತ್ತೆ ಸಿಕ್ಕಿಲ್ಲ. ಲಕ್ವಾ ಹೊಡೆದವರನ್ನು ಅಲ್ಲಿ ಬಹಳ ನೋಡಿದೆ. ಚಮಚ ಹಿಡಿಯಲು ಹೋಗಿ ಗಾಳಿಯನ್ನು ಹಿಡಿಯುವ ಆ ಕೈಗಳ ಗುರುತು ನನಗಿದೆ.

ನರ್ಸಿಂಗ್ ಹೋಮ್ ಮುಚ್ಚಿದ ಮೇಲೆ ಗುರುಸಿದ್ಧಪ್ಪ ಅಂಗಡಿಯವರ ಹೆಸರಿನ ವಾಚನಾಲಯಕ್ಕೆ ಬಂದೆ. ಅದನ್ನು ಒಂದು ಟ್ರಸ್ಟ್ ನಡೆಸುತ್ತದೆ. ಗ್ರಂಥಪಾಲಕಿ ನೀಲಾಂಬಿಕಾ ಹೊಸಮಠ, ಎಲ್ಲರ ಬಾಯಲ್ಲಿ ನೀಲಕ್ಕ. ಬಂದ ದಿನವೇ ನನ್ನ ಮೈಯನ್ನು ಸೋಪಿನ ನೀರಿನಿಂದ ಒರೆಸಿ, ಗಂಜಿಯ ವಾಸನೆ ಹೋಗುವವರೆಗೆ ಬಿಸಿಲಿಗೆ ನಿಲ್ಲಿಸಿದರು. ಆಮೇಲೆ ನನ್ನ ಹಣೆಗೆ ಒಂದು ಬೋರ್ಡು ತೂಗುಹಾಕಿದರು: 'ಓದಿದ ಪುಸ್ತಕವನ್ನು ಗಾಡಿಯ ಮೇಲಿಡಿ. ಕಪಾಟಿನಲ್ಲಿ ನೀವೇ ಇಡಬೇಡಿ.' ಓದುಗರು ಕೈಗೆ ಬಂದ ಕಡೆ ತುರುಕಿದ ಪುಸ್ತಕ ಮತ್ತೆ ಸಿಗುವುದು ಕಷ್ಟ. ಅದಕ್ಕೇ ಈ ನಿಯಮ. ಸಂಜೆಗೆ ನನ್ನ ಹೊಟ್ಟೆ ತುಂಬುತ್ತಿತ್ತು, ನೀಲಕ್ಕ ತಳ್ಳಿಕೊಂಡು ಹೋಗಿ ಒಂದೊಂದನ್ನೇ ಅದರದರ ಜಾಗಕ್ಕೆ ಸೇರಿಸುತ್ತಿದ್ದರು.

ಈ ನಿಯಮಕ್ಕೆ ಸೊಪ್ಪು ಹಾಕದ ಓದುಗರು ಒಬ್ಬರಿದ್ದರು. ವಿರೂಪಾಕ್ಷಪ್ಪ ತಡಹಾಳ, ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು, ವಕೀಲರನ್ನೂ ನಿಲ್ಲಿಸಿ ಮಾತಾಡಿಸಿದ ಗತ್ತು. ಮಧ್ಯಾಹ್ನ ಬಂದು, ನನ್ನನ್ನು ನಿಲ್ಲಿಸುವ ಮೂಲೆಯಲ್ಲೇ ಕೂತು ದಿನಪತ್ರಿಕೆಯನ್ನು ಅಗಲವಾಗಿ ಬಿಡಿಸುತ್ತಿದ್ದರು. ಎಲ್ಲರಿಗೂ ಕಾಣುತ್ತಿದ್ದದ್ದು ಆ ಪತ್ರಿಕೆ. ಕೆಳಗಿನಿಂದ ನೋಡುವ ನನಗೆ ಅದರೊಳಗಿನ ಪುಸ್ತಕ ಕಾಣುತ್ತಿತ್ತು: 'ಕರಡಿಯ ಕೊಡೆ', ದೊಡ್ಡ ಅಕ್ಷರದ, ಮಕ್ಕಳ ತೆಳ್ಳನೆಯ ಪುಸ್ತಕ. ಅಕ್ಷರದ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ, ಒಂದು ಸಾಲಿಗೆ ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದರು. ಆ ಬೆರಳಿನ ನಡುಕ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಆ ನಡುಕವೊಂದನ್ನು ಉಳಿಸಿ ಲಕ್ವಾ ಅವರ ಕೈಕಾಲು ಬಿಟ್ಟಿತ್ತು, ಮಾತನ್ನೂ ಬಿಟ್ಟಿತ್ತು, ಅಕ್ಷರವನ್ನು ಮಾತ್ರ ಒಯ್ದಿತ್ತು.

ಯಾರಾದರೂ ಹತ್ತಿರ ಸುಳಿದರೆ ಪತ್ರಿಕೆ ಮುಚ್ಚಿಕೊಳ್ಳುತ್ತಿತ್ತು. ಮನೆಗೆ ಒಯ್ಯಬೇಕೆಂದರೆ ಕೌಂಟರಿನಲ್ಲಿ ಎಲ್ಲರೆದುರು ಪುಸ್ತಕ ತೋರಿಸಬೇಕು. ಅದು ಅವರಿಂದ ಆಗದ ಮಾತು. ನನ್ನ ಮೇಲಿಟ್ಟರೂ ಯಾರು ಓದಿದ್ದೆಂದು ಗೊತ್ತಾದೀತೆಂಬ ಭಯ. ಎದ್ದು ಹೋಗುವಾಗ ತಾವೇ ಮಕ್ಕಳ ಕಪಾಟಿಗೆ ಹೋಗಿ, ದಪ್ಪ ಪುಸ್ತಕಗಳ ಹಿಂದೆ ಅದನ್ನು ಸರಿಸಿಟ್ಟು ಹೋಗುತ್ತಿದ್ದರು. ಆ ಗತ್ತಿನ ಮನುಷ್ಯ ಕಳ್ಳನ ಹಾಗೆ ಅತ್ತಿತ್ತ ನೋಡುವುದನ್ನು ಕಂಡು ನನಗೆ ಸಂಕಟವಾಗುತ್ತಿತ್ತು.

ಹೀಗಿರುವಾಗ ನಮ್ಮ ವಾಚನಾಲಯದಲ್ಲೇ ಸುತ್ತಲ ಜಿಲ್ಲೆಗಳ ಗ್ರಂಥಪಾಲಕರಿಗೆ ತರಬೇತಿ ಏರ್ಪಾಟಾಯಿತು. ಕೃತಕ ಬುದ್ಧಿಮತ್ತೆ, ಡಿಜಿಟಲ್ ಸಾಧನ, ಇನ್ನೂ ಏನೇನೋ. ಮೇಜುಗಳು ಗೋಡೆಗೆ ಸರಿದವು, ನನ್ನ ತಲೆಯ ಮೇಲೆ ಪ್ರೊಜೆಕ್ಟರ್ ಕೂತಿತು. ಓದುಗರಿಗೆ ಆ ದಿನಗಳಲ್ಲಿ ಪ್ರವೇಶವಿರಲಿಲ್ಲ. ವಿರೂಪಾಕ್ಷಪ್ಪನವರು ಬಾಗಿಲವರೆಗೆ ಬಂದು, ಮಕ್ಕಳ ಕಪಾಟಿನತ್ತ ಒಮ್ಮೆ ನೋಡಿ ಹಿಂದಿರುಗಿದರು.

ತರಬೇತಿ ಕೊಟ್ಟವಳು ಶ್ರಾವ್ಯಾ ಕಾಮತ್, ಮಂಗಳೂರಿನ ಹುಡುಗಿ. ಕಲಿಯಲು ಕೂತವರಲ್ಲಿ ಬಹುಪಾಲು ಕೂದಲು ನೆರೆತವರು. ಇಳಕಲ್ಲಿನಿಂದ ಬಂದಿದ್ದ ಹನಮಂತಪ್ಪ ಗೌಂಡಿ, ಈ ಯಂತ್ರ ಬಂದರೆ ನಾವು ಮನೆಗೆ ಹೋಗಬೇಕೇನು ಎಂದು ನೇರವಾಗಿ ಕೇಳಿಯೇಬಿಟ್ಟರು. ಎಲ್ಲರೂ ನಕ್ಕರು, ನೀಲಕ್ಕ ನಗಲಿಲ್ಲ. ಟ್ರಸ್ಟಿನ ಸಂಗನಬಸಪ್ಪ ಕೊಪ್ಪದ ಅವರು ಹಿಂದಿನ ದಿನವಷ್ಟೇ ನೀಲಕ್ಕನಿಗೆ, ಕಂಪ್ಯೂಟರ್ ಇಡಲು ಜಾಗ ಮಾಡಬೇಕು, ಇದನ್ನು ಕಲಿಯಲಿಲ್ಲವೆಂದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಹೇಳಿ ಹೋಗಿದ್ದರು. ಆ ಮಾತು ನೀಲಕ್ಕನ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು.

ಯಾರೂ ಮುಟ್ಟದ ಪುಸ್ತಕಗಳನ್ನು ಹುಡುಕಿ ಪಟ್ಟಿ ಮಾಡಿಕೊಡುವ ಸಾಧನವನ್ನು ಶ್ರಾವ್ಯಾ ಎಲ್ಲರಿಗೂ ತೋರಿಸಿದಳು. ಅವಳು ಮೋಸ ಮಾಡಲಿಲ್ಲ, ಅದನ್ನು ಹೇಳಲೇಬೇಕು. ಯಂತ್ರ ಪಟ್ಟಿ ಕೊಡುತ್ತದೆ, ತೀರ್ಮಾನ ನಿಮ್ಮದು ಎಂದು ಮತ್ತೆ ಮತ್ತೆ ಹೇಳಿದಳು. ಮನೆಗೆ ಒಯ್ದದ್ದನ್ನಷ್ಟೇ ಲೆಕ್ಕ ಹಿಡಿಯಬೇಡಿ, ಇಲ್ಲೇ ಕೂತು ಓದಿದ್ದೂ ಓದೇ ಎಂದಳು. ನನ್ನ ಸರಳಿನ ಮೇಲೆ ಕೈಯಿಟ್ಟು, ಸಂಜೆ ಗಾಡಿಯ ಮೇಲಿರುವ ಪುಸ್ತಕಗಳನ್ನೆಲ್ಲ ಸ್ಕ್ಯಾನರಿಗೆ ತೋರಿಸಿ ಆಮೇಲೆ ಕಪಾಟಿಗೆ ಸೇರಿಸಿ ಎಂದಾಗ ನನಗೆ ಎಲ್ಲಿಲ್ಲದ ಹಿಗ್ಗು. ಗಂಜಿ ಹೊತ್ತ ಗಾಡಿ ಸಾಕ್ಷಿ ಹೇಳುವಷ್ಟು ದೊಡ್ಡದಾಯಿತಲ್ಲ!

ಅಂದಿನಿಂದ ನೀಲಕ್ಕ ಒಂದು ಸಂಜೆಯೂ ತಪ್ಪಿಸಲಿಲ್ಲ. ಜ್ವರ ಬಂದ ದಿನವೂ ಸ್ಕ್ಯಾನರ್ ಹಿಡಿದು ಬರುತ್ತಿದ್ದರು. ಪ್ರತಿ ಪುಸ್ತಕಕ್ಕೂ ಅದು ಗುಬ್ಬಿಯ ಹಾಗೆ ಒಮ್ಮೆ ಚೀಂವ್ ಎನ್ನುತ್ತಿತ್ತು. ಅಷ್ಟು ಎಚ್ಚರದಿಂದ ಮಾಡಿದ್ದಕ್ಕೇ ಇರಬೇಕು, ವರ್ಷ ಕಳೆದು ಪಟ್ಟಿ ಬಂದಾಗ ಅವರು ಅದನ್ನು ಪೂರ್ತಿ ನಂಬಿದರು. 'ಕರಡಿಯ ಕೊಡೆ' ಅದರಲ್ಲಿತ್ತು. ಯಾರೂ ಮನೆಗೆ ಒಯ್ದಿಲ್ಲ, ಒಮ್ಮೆಯೂ ಗಾಡಿಯ ಮೇಲೆ ಬಂದಿಲ್ಲ. ದಪ್ಪ ಪುಸ್ತಕಗಳ ಹಿಂದೆ ಸಿಕ್ಕಾಗ, ಇಲ್ಲಿ ಬಿದ್ದು ಎಷ್ಟು ಕಾಲವಾಯಿತೋ ಎಂದು ಗೊಣಗಿ ನನ್ನ ಮೇಲೆ ಹಾಕಿದರು. ಅದು ನನ್ನ ಮೈ ಮುಟ್ಟಿದ್ದು ಅದೇ ಮೊದಲು.

ರದ್ದಿಯವನ ಟೆಂಪೋವರೆಗೆ ಹೊತ್ತುಕೊಂಡು ಹೋದವನು ನಾನೇ. ಕೂಗಿಕೊಳ್ಳಲು ನನಗಿದ್ದದ್ದು ಒಂದು ಗಾಲಿ. ದಾರಿಯುದ್ದಕ್ಕೂ ಕಿರುಗುಟ್ಟಿದೆ, ಎಡಕ್ಕೆ ಎಳೆದೆ. ಇದಕ್ಕೆ ಎಣ್ಣೆ ಹಾಕಬೇಕು ಎಂದರು ನೀಲಕ್ಕ.

ಮರುದಿನ ವಿರೂಪಾಕ್ಷಪ್ಪನವರು ಬಂದರು. ದಪ್ಪ ಪುಸ್ತಕಗಳ ಹಿಂದೆ ಕೈ ಹಾಕಿದರು. ಮೇಲಿನ ಸಾಲು ನೋಡಿದರು, ಕೆಳಗಿನ ಸಾಲು ನೋಡಿದರು. ಏನಾದರೂ ಬೇಕಾಗಿತ್ತೇನ್ರಿ ಎಂದು ನೀಲಕ್ಕ ಕೌಂಟರಿನಿಂದ ಕೇಳಿದರೆ, ಏನಿಲ್ಲ ಎಂದುಬಿಟ್ಟರು. ಪತ್ರಿಕೆ ಬಿಡಿಸಿ ಕೂತರು, ಪುಟ ತಿರುವಲಿಲ್ಲ. ಕೆಲವು ದಿನ ಹಾಗೇ ಬಂದು ಹೋದರು, ಆಮೇಲೆ ಬರುವುದನ್ನೇ ಬಿಟ್ಟರು.

ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಹೆಂಡತಿ ಸುಲೋಚನಮ್ಮ ಬಂದರು. ಸೆರಗಿನ ತುದಿ ಹಿಂಡುತ್ತಾ, ಕೌಂಟರಿನ ಬಳಿ ಬೇರೆ ಯಾರೂ ಇಲ್ಲದಿರುವುದನ್ನು ನೋಡಿಕೊಂಡು ಕೇಳಿದರು.

"ಅಕ್ಕಾರ, ಇಲ್ಲಿ ಯಾರರ ನಮ್ಮವರಿಗೆ ಏನರ ಅಂದ್ರೇನ್ರಿ? ಲಕ್ವಾ ಹೊಡದ ಮ್ಯಾಲೆ ಅಕ್ಷರನ ಗುರ್ತು ಹತ್ತವಲ್ಲವಾಗಿದ್ವು. ಇಲ್ಲಿ ಒಂದು ಕರಡಿ ಕಥಿ ಓದತಿದ್ರು. ಊಟಕ್ಕ ಕುಂತಾಗ ನನಗ ಹೇಳತಿದ್ರು, ಇವತ್ತ ಕರಡಿ ಇಲ್ಲೀತನಾ ಬಂತು ಅಂತ. ಹೊಳಿ ದಾಟೂತನಾ ಬಂದಿತ್ತು. ಈಗ ಬಾಯಿ ಬಿಡೂದಿಲ್ಲ, ಹೊರಗ ಬರೂದಿಲ್ಲ."

ನೀಲಕ್ಕನಿಗೆ ದಪ್ಪ ಪುಸ್ತಕಗಳ ಹಿಂದೆ ಸಿಕ್ಕಿದ್ದ 'ಕರಡಿಯ ಕೊಡೆ' ನೆನಪಾಯಿತು. ತಾವು ಇಲ್ಲಿಗೆ ಬಂದದ್ದು ಗಂಡನಿಗೆ ತಿಳಿಯಬಾರದು, ತಿಳಿದರೆ ಇನ್ನೆಂದೂ ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಸುಲೋಚನಮ್ಮ ಕೈಮುಗಿದರು. ಅವರು ಹೋದ ಮೇಲೆ ನೀಲಕ್ಕ ನನ್ನ ಖಾಲಿ ಅಂತಸ್ತನ್ನೇ ನೋಡುತ್ತಾ ಅತ್ತರು.

ರದ್ದಿ ಅಂಗಡಿಗೆ ಓಡಿದರು. ಕಟ್ಟುಗಳು ಎಂದೋ ಕಾಗದದ ಗಿರಣಿಗೆ ಹೋಗಿದ್ದವು. ತರಬೇತಿಗೆ ಬಂದವರೆಲ್ಲ ಮೊಬೈಲಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು. ಅದರಲ್ಲಿ ಪುಸ್ತಕದ ಹೆಸರು ಹಾಕಿ, ಯಾರಲ್ಲಾದರೂ ಇದೆಯೇ ಎಂದು ಬೇಡಿಕೊಂಡರು. ಹನಮಂತಪ್ಪ ಗೌಂಡಿಯವರಲ್ಲಿ ಇತ್ತು. ಅವರಲ್ಲೂ ಅದು ಪಟ್ಟಿಯಲ್ಲಿ ಬಂದು, ಕಟ್ಟು ಕಟ್ಟಿಸಿಕೊಂಡು ಮೂಲೆಯಲ್ಲಿ ಕೂತಿತ್ತು. ಬಿಚ್ಚಿ ತೆಗೆದು ಬಸ್ಸಿನವರ ಕೈಯಲ್ಲಿ ಕಳಿಸಿಕೊಟ್ಟರು.

ಪುಸ್ತಕವೇನೋ ಬಂತು. ಆದರೆ ಕೊಡುವುದು ಹೇಗೆ? ಕೈಗೆ ಕೊಟ್ಟರೆ ಗುಟ್ಟು ತಿಳಿದಿದೆಯೆಂದು ಹೇಳಿದಂತೆ. ನೀಲಕ್ಕ ಬಹಳ ಯೋಚಿಸಿ, ನನ್ನ ಹಣೆಯ ಬೋರ್ಡು ತೆಗೆದು ಹೊಸದು ಹಾಕಿದರು: 'ಈ ಪುಸ್ತಕಗಳು ಇಲ್ಲಿಂದ ಹೊರಡಲಿವೆ. ಹೋಗುವುದು ಬೇಡವೆನ್ನುವವರು ತೆಗೆದು ಮತ್ತೆ ಕಪಾಟಿನಲ್ಲಿಡಿ. ಯಾರನ್ನೂ ಕೇಳಬೇಕಾಗಿಲ್ಲ.' ಪಟ್ಟಿಯಲ್ಲಿದ್ದು ಇನ್ನೂ ರದ್ದಿಗೆ ಹೋಗದೆ ಉಳಿದಿದ್ದ ಬೇರೆ ಪುಸ್ತಕಗಳ ನಡುವೆ ಕರಡಿಯನ್ನೂ ಇಟ್ಟು, ನನ್ನನ್ನು ಅದೇ ಮೂಲೆಯಲ್ಲಿ ನಿಲ್ಲಿಸಿದರು. ಬೋರ್ಡಿನ ಅಕ್ಷರಗಳನ್ನು ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆದಿದ್ದರು.

ಮನೆಯಲ್ಲಿ ಸುಣ್ಣ ಹಚ್ಚುತ್ತಿದ್ದಾರೆ, ಸ್ವಲ್ಪ ಹೊತ್ತು ವಾಚನಾಲಯದಲ್ಲಿ ಕೂತು ಬನ್ನಿ ಎಂದು, ನೀಲಕ್ಕ ಹೇಳಿಕಳಿಸಿದಂತೆ, ಸುಲೋಚನಮ್ಮ ಗಂಡನನ್ನು ಹೊರಡಿಸಿದರು. ವಿರೂಪಾಕ್ಷಪ್ಪನವರು ಸೊರಗಿದ್ದರು, ಅಂಗಿ ಹೆಗಲಿನಿಂದ ಜಾರುತ್ತಿತ್ತು. ಬೋರ್ಡಿನ ಮುಂದೆ ಬೆರಳು ಎತ್ತಿ ಬಹಳ ಹೊತ್ತು ನಿಂತರು. ಆಮೇಲೆ ಆ ನಡುಗುವ ಕೈ ನನ್ನ ಮೇಲೆ ಬಂತು. ಕರಡಿಯ ಪುಸ್ತಕ ಎತ್ತಿಕೊಂಡರು, ಪತ್ರಿಕೆಯೊಳಗೆ ಸೇರಿಸಿದರು, ಹೊಳೆಯ ಚಿತ್ರವಿದ್ದ ಪುಟವನ್ನು ಬಿಡಿಸಿದರು.

ಬೆರಳು ಮೊದಲ ಅಕ್ಷರದ ಕೆಳಗೆ ನಿಂತಿತು. ಮುಂದೆ ಹೋಗಲಿಲ್ಲ. ಅವರು ಒಂದು ಪುಟ ಹಿಂದಕ್ಕೆ ತಿರುವಿದರು, ಇನ್ನೊಂದು ತಿರುವಿದರು, ಹೀಗೇ ಹಿಂದೆ ಹಿಂದೆ ಹೋಗಿ ಪುಸ್ತಕದ ಮೊದಲ ಪುಟಕ್ಕೆ ಬಂದು ನಿಂತರು. ಕೌಂಟರಿನಲ್ಲಿ ನೀಲಕ್ಕ ತಲೆ ಎತ್ತಲಿಲ್ಲ.

ಮತ್ತೆ ಮಧ್ಯಾಹ್ನದ ಓದು ನಡೆಯಿತು. ಓದು ಮುಗಿದ ಮೇಲೆ ಪುಸ್ತಕ ಅದೇ ದಪ್ಪ ಪುಸ್ತಕಗಳ ಹಿಂದೆ ಹೋಗುತ್ತಿತ್ತು. ಹೀಗಾಗಿ ಮುಂದಿನ ಪಟ್ಟಿಯಲ್ಲೂ ಅದರ ಹೆಸರು ಬಂತು, ನೀಲಕ್ಕ ಕೈಯಾರೆ ಅಳಿಸಿದರು. ಪಟ್ಟಿ ಬಂದಾಗಲೆಲ್ಲ ಅದೇ ಹೆಸರು, ಅದೇ ಅಳಿಸುವಿಕೆ. ಶ್ರಾವ್ಯಾ ಒಮ್ಮೆ ಫೋನ್ ಮಾಡಿ ಈ ಒಂದು ಪುಸ್ತಕವನ್ನು ಮಾತ್ರ ಯಾಕೆ ಬಿಟ್ಟುಕೊಡುತ್ತಿಲ್ಲ ಎಂದು ಕೇಳಿದಳು.

"ಅದಕ್ಕ ಓದುಗರು ಅದಾರವ್ವಾ," ಎಂದರು ನೀಲಕ್ಕ. "ಯಾರು ಅಂತ ನಿನ್ನ ಯಂತ್ರಕ್ಕ ಹೇಳಾಂಗಿಲ್ಲ."

ಕಳೆದ ಚಳಿಗಾಲದಲ್ಲಿ ವಿರೂಪಾಕ್ಷಪ್ಪನವರು ತೀರಿಹೋದರು. ಸುಲೋಚನಮ್ಮ ಬಂದು ಹೇಳಿ ಹೋದ ಸಂಜೆ ನೀಲಕ್ಕ ಆ ಪುಸ್ತಕ ತೆಗೆದು ನನ್ನ ಮೇಲಿಟ್ಟು ಬಿಡಿಸಿದರು. ಒಳಗೆ ಒಂದು ಬಸ್ ಟಿಕೇಟು ಇತ್ತು. ಮೊದಲ ಸಲ ಓದುವಾಗ ಅವರಿಗೆ ಗುರುತು ಬೇಕಿರಲಿಲ್ಲ, ಎಲ್ಲಿಗೆ ಬಂದೆನೆಂದು ನೆನಪಿರುತ್ತಿತ್ತು. ಟಿಕೇಟು ಇದ್ದದ್ದು ಹೊಳೆಗಿಂತ ಒಂದು ಪುಟ ಮುಂಚೆ. ನಮ್ಮಿಂದ ಹಾಳಾದ ಆ ಒಂದು ಮಳೆಗಾಲ ಸಿಕ್ಕಿದ್ದರೆ ಹೊಳೆ ದಾಟಲು ಅವರಿಗೆ ಸಾಕಾಗುತ್ತಿತ್ತು. ನೀಲಕ್ಕ ಅದನ್ನು ಅಲ್ಲೇ ಬಿಟ್ಟು ಪುಸ್ತಕ ಮುಚ್ಚಿದರು.

ನನ್ನ ಕುರ್ಚಿಗಾಲಿ ಈಗ ಮುರಿದಿದೆ. ಅದರ ಜಾಗಕ್ಕೆ ಒಂದು ಇಟ್ಟಿಗೆ ಕೊಟ್ಟು, ಕಂಪ್ಯೂಟರುಗಳ ಬ್ಯಾಟರಿಯನ್ನು ನನ್ನ ಮೇಲೆ ಕೂರಿಸಿದ್ದಾರೆ. ಕದಲುವಂತಿಲ್ಲ, ಕಿರುಗುಟ್ಟುವಂತಿಲ್ಲ, ನಿಂತಲ್ಲಿಂದಲೇ ಎಲ್ಲ ನೋಡುತ್ತೇನೆ. ಯಂತ್ರವನ್ನು ನಾನು ದೂರುವುದಿಲ್ಲ. ತೋರಿಸಿದ್ದನ್ನು ಅದು ಸರಿಯಾಗಿಯೇ ನೋಡುತ್ತದೆ. ತೋರಿಸಲಾಗದೆ ಓದುವವರೂ ಇರುತ್ತಾರೆಂಬುದು ಅದಕ್ಕೆ ತಿಳಿಯದು, ನಮಗೂ ತಡವಾಗಿ ತಿಳಿಯಿತು.

ಈ ತಿಂಗಳು ಬಂದ ಪಟ್ಟಿಯಲ್ಲೂ 'ಕರಡಿಯ ಕೊಡೆ' ಇದೆ. ಈಗ ಯಂತ್ರ ಹೇಳುವುದು ನಿಜ, ಅದನ್ನು ಓದುವವರು ಯಾರೂ ಇಲ್ಲ. ನೀಲಕ್ಕ ಕನ್ನಡಕ ಒರೆಸಿಕೊಂಡು ಆ ಹೆಸರನ್ನು ಮತ್ತೆ ಅಳಿಸಿದರು. ದಪ್ಪ ಪುಸ್ತಕಗಳ ಹಿಂದೆ, ಬಸ್ ಟಿಕೇಟಿನ ಪಕ್ಕದಲ್ಲಿ, ಕರಡಿ ಇನ್ನೂ ಹೊಳೆಯ ಈಚೆ ದಡದಲ್ಲೇ ಕೊಡೆ ಹಿಡಿದು ನಿಂತಿದೆ.